ಎಲ್ಲರಿಗೂ ದೋಸೆ

ಅವತ್ತಿನ ರಾದ್ಧಾಂತಕ್ಕೆಲ್ಲ ಕಾರಣ ಒಂದೇ ಒಂದು ಮಾತು. ಅದನ್ನು ಆಡಿದವಳು ಐದು ವರ್ಷದ ನಿಧಿ. ಆಡುವಾಗ ಅವಳ ಬಾಯಿತುಂಬ ಟೂತ್‌ಪೇಸ್ಟಿನ ನೊರೆ ಇತ್ತು.

"ಪಪ್ಪಾ, ಟುಡೇ ದೋಸೆ."

ಅವಳ ಜುಟ್ಟಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಲು ಹೆಣಗುತ್ತಿದ್ದ ಶ್ರೀಕಂಠನ ಕೈ ಅಲ್ಲೇ ನಿಂತಿತು. "ಏನಂದೆ ಪುಟ್ಟಿ? ಇನ್ನೊಂದ್ಸಲ ಹೇಳು."

"ದೋಸೆ. ಇನ್ ಸ್ಕೂಲ್. ಯು ಕಮ್, ಓಕೆ? ಡೋಂಟ್ ಫರ್ಗೆಟ್." ನಿಧಿ ನೊರೆ ಉಗಿದು, ಬಾಯಿ ಮುಕ್ಕಳಿಸಿ, ತನ್ನ ಪಾಡಿಗೆ ತಾನು ಸಾಕ್ಸ್ ಹುಡುಕಲು ಹೋದಳು. ಶ್ರೀಕಂಠ ಮಾತ್ರ ಬಾಚಣಿಗೆ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತೇ ಇದ್ದ. ಮಗಳು ಕನ್ನಡ ಮಾತಾಡಿದ್ದಳು.

ಇದರಲ್ಲೇನು ವಿಶೇಷ ಎಂದು ಊರಲ್ಲಿರುವವರಿಗೆ ಅನ್ನಿಸಬಹುದು. ಶ್ರೀಕಂಠನ ಪರಿಸ್ಥಿತಿಯೇ ಬೇರೆ. ಮೈಸೂರಿನ ಈ ಸಾಫ್ಟ್‌ವೇರ್ ಇಂಜಿನಿಯರನ್ನು ಕಂಪನಿ ಟೋಕಿಯೋದ ಮಿನಾಟೋಗೆ ಹಾಕಿತ್ತು. ಹೆಂಡತಿ ಅನಸೂಯಾ ಸೆಂಡಾಯ್‌ನ ವಿಶ್ವವಿದ್ಯಾಲಯದಲ್ಲಿ ಭೂಕಂಪದ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಶನಿವಾರ ಬಂದರೆ ಭಾನುವಾರ ಸಂಜೆ ಶಿಂಕಾನ್‌ಸೆನ್ ರೈಲು ಹತ್ತಿ ಹೊರಟುಬಿಡುತ್ತಿದ್ದಳು. ಉಳಿದ ದಿನವೆಲ್ಲ ಅಪ್ಪ ಮತ್ತು ಮಗಳು, ಎರಡು ಕೋಣೆಯ ಮನೆ, ಒಂದು ಬಾಲ್ಕನಿ.

ಮಗಳನ್ನು ಸೇರಿಸಲು ಸುತ್ತಮುತ್ತ ಯಾವ ಜಪಾನಿ ಶಿಶುವಿಹಾರದಲ್ಲೂ ಜಾಗ ಇರಲಿಲ್ಲ. ಅಲೆದು ಅಲೆದು ಸಾಕಾಗಿದ್ದ ಶ್ರೀಕಂಠನಿಗೆ ರಾಯಭಾರ ಕಚೇರಿಗಳ ಬೀದಿಯಲ್ಲಿ 'ಇಂಗ್ಲಿಷ್' ಎಂಬ ಬೋರ್ಡು ಕಂಡಿತು. ಒಳಗೆ ಹೋದ, ಒಂದೇ ಒಂದು ಸೀಟಿತ್ತು, ಸೇರಿಸಿದ. ಅದೇ ಬೋರ್ಡಿನಲ್ಲಿ ಇಂಗ್ಲಿಷಿನ ಮೇಲೆ ಇನ್ನೂ ದಪ್ಪ ಅಕ್ಷರದಲ್ಲಿ 'ಸ್ಪ್ಯಾನಿಷ್' ಎಂದು ಬರೆದಿರುವುದು ಅವನ ಗಮನಕ್ಕೆ ಬಂದದ್ದು ಮೊದಲ ದಿನ ಮಗಳನ್ನು ಬಿಟ್ಟು ಹೊರಗೆ ಬಂದ ಮೇಲೆ.

ಆ ಶಾಲೆಯ ಕೋಣೆಯ ನಡುವೆ ನೆಲಕ್ಕೆ ಒಂದು ಕೆಂಪು ಟೇಪ್ ಅಂಟಿಸಿದ್ದರು. ಟೇಪಿನ ಆಚೆ ಸ್ಪ್ಯಾನಿಷ್, ಈಚೆ ಇಂಗ್ಲಿಷ್. ಬೆಳಿಗ್ಗೆ ಮಕ್ಕಳು ಆಚೆ ಕೂತು ಬಣ್ಣ, ಹಣ್ಣು, ಅಂಕಿ, ಹಾಡು ಎಲ್ಲವನ್ನೂ ಸ್ಪ್ಯಾನಿಷ್‌ನಲ್ಲಿ ಕಲಿಯುತ್ತಿದ್ದರು. ಊಟ ಆದಮೇಲೆ ಟೇಪು ಹಾರಿ ಈಚೆ ಬಂದು ಅದನ್ನೇ ಇಂಗ್ಲಿಷ್‌ನಲ್ಲಿ ಕಲಿಯುತ್ತಿದ್ದರು. ಯಾರೂ ಯಾವುದನ್ನೂ ಅನುವಾದ ಮಾಡಿ ಹೇಳುವಂತಿಲ್ಲ. ಹಾರಿದ ಕೂಡಲೇ ಮಕ್ಕಳ ನಾಲಿಗೆ ತಾನಾಗಿ ತಿರುಗಿಕೊಳ್ಳುತ್ತಿತ್ತು, ಲೈಟಿನ ಸ್ವಿಚ್ ಒತ್ತಿದ ಹಾಗೆ.

ಕೆಲವೇ ತಿಂಗಳಲ್ಲಿ ನಿಧಿ ಫ್ರಿಜ್ಜಿನ ಮೊಟ್ಟೆಗಳನ್ನು ಸ್ಪ್ಯಾನಿಷ್‌ನಲ್ಲಿ ಎಣಿಸತೊಡಗಿದಳು, ಹಾಲು ಕುಡಿಯೋಲ್ಲ ಎಂಬ ಜಗಳವನ್ನು ಇಂಗ್ಲಿಷ್‌ನಲ್ಲಿ ಆಡತೊಡಗಿದಳು, ಬೀದಿಯ ಬೆಕ್ಕನ್ನು ಜಪಾನಿಯಲ್ಲಿ ಮುದ್ದು ಮಾಡತೊಡಗಿದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಬಾಯಿಂದ ಮಾತ್ರ ಬರುತ್ತಿರಲಿಲ್ಲ.

"ನೀರು ಬೇಕಾ ಪುಟ್ಟಿ?"

"ಸೀ." ಸ್ಪ್ಯಾನಿಷ್‌ನಲ್ಲಿ ಹೌದು.

"ಊಟ ಮುಗೀತಾ?"

"ಫಿನಿಶ್ಡ್."

ನಿದ್ದೆಯಲ್ಲಿ ಅವಳು ಕನವರಿಸುವುದೂ ಸ್ಪ್ಯಾನಿಷ್‌ನಲ್ಲೇ. ಒಮ್ಮೊಮ್ಮೆ ಕನಸಿನಲ್ಲಿ ಬಿಕ್ಕುತ್ತಿದ್ದಳು. ಶ್ರೀಕಂಠ ಪಕ್ಕದಲ್ಲಿ ಕೂತು ಬೆನ್ನು ತಟ್ಟುತ್ತಿದ್ದ. ಮಗಳು ಯಾತಕ್ಕೆ ಅಳುತ್ತಿದ್ದಾಳೆ ಎನ್ನುವುದು ಅವನಿಗೆ ತಿಳಿಯುತ್ತಿರಲಿಲ್ಲ.

ಅವನ ಸ್ವಂತ ಕನ್ನಡಕ್ಕೂ ಗಿರಾಕಿಗಳು ಕಡಿಮೆ. ಅವರ ಮನೆಯ ಬಚ್ಚಲಿನ ಯಂತ್ರ ನೀರು ಕಾದ ಕೂಡಲೇ ಹೆಣ್ಣಿನ ದನಿಯಲ್ಲಿ, ಸ್ನಾನಕ್ಕೆ ಸಿದ್ಧವಾಗಿದೆ ಎಂದು ಬಹಳ ವಿನಯದಿಂದ ಜಪಾನಿಯಲ್ಲಿ ಹೇಳುತ್ತಿತ್ತು. ಶ್ರೀಕಂಠ, "ಬಂದೆ ತಾಯಿ" ಎನ್ನುತ್ತಿದ್ದ. ಎಷ್ಟೋ ದಿನ ಮಗಳನ್ನು ಬಿಟ್ಟರೆ ಅವನು ಮುಖಾಮುಖಿ ಆಡಿದ ಕನ್ನಡವೆಂದರೆ ಅಷ್ಟೇ.

ಇಂಥವನಿಗೆ ಬೆಳಬೆಳಿಗ್ಗೆ ಮಗಳ ಬಾಯಿಂದ ದೋಸೆ ಬಂದರೆ ಏನಾಗಬೇಡ.

ಶಾಲೆಯ ಬಾಗಿಲಲ್ಲಿ ಟೀಚರ್ ಮಾರಿಸೋಲ್ ನಿಂತಿದ್ದಳು. ಪೆರು ದೇಶದ ಹೆಂಗಸು, ಇಷ್ಟಗಲ ನಗು. ಬೆಳಗಿನ ಹೊತ್ತು ಅವಳು ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ, ಅದು ಶಾಲೆಯ ಶಿಸ್ತು. ಖಚಿತ ಮಾಡಿಕೊಳ್ಳೋಣವೆಂದು ಶ್ರೀಕಂಠ ಕೇಳಿದ, "ಟೀಚರ್, ದೋಸೆ?"

"ಸೀ, ಸೀ," ಅಂದಳು ಮಾರಿಸೋಲ್ ಕಣ್ಣರಳಿಸಿ. ಎರಡೂ ಕೈ ಚಾಚಿ ಒಳಗಿದ್ದ ಮಕ್ಕಳು, ಹೊರಗಿದ್ದ ಅಪ್ಪ ಅಮ್ಮಂದಿರು ಎಲ್ಲರನ್ನೂ ತಬ್ಬಿಕೊಳ್ಳುವವಳಂತೆ ತೋರಿಸಿ, "ತೋದೋಸ್, ಆ ಲಾಸ್ ದೋಸೆ" ಎಂದಳು.

ಶ್ರೀಕಂಠನಿಗೆ ಕೇಳಿದ್ದು 'ಎಲ್ಲಾರ್ಗೂ ದೋಸೆ' ಎಂದು. ಕೈಸನ್ನೆಯೂ ಹಾಗೇ ಇತ್ತು. ಒಬ್ಬಳಿಗಲ್ಲ, ಊರಿಗೇ ಮಾಡಬೇಕು. ಅವನು ಮಗಳನ್ನು ಕರೆದುಕೊಂಡು ಹೋಗಲು ದಿನಾ ಬರುವುದು ಮೂರು ಗಂಟೆಗೆ. ಮಕ್ಕಳಿಗೆ ತಿಂಡಿ ಕೊಡುವ ಹೊತ್ತೂ ಅದೇ. ಅಷ್ಟರೊಳಗೆ ಆಗಬೇಕು ಎಂದುಕೊಂಡ.

ಶಾಲೆಯ ಪೋಷಕರ ಗ್ರೂಪಿನಲ್ಲಿ ಒಮ್ಮೆ ನೋಡಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಗ್ರೂಪಿನಲ್ಲಿ ಮೂರು ಭಾಷೆಗಳಲ್ಲಿ ದಿನವಿಡೀ ಹೂವು, ಹೃದಯ, ಕಳೆದುಹೋದ ಟೋಪಿಗಳ ಫೋಟೋ ಬೀಳುತ್ತಿದ್ದವು. ಅವನು ಅದನ್ನು ಮ್ಯೂಟ್ ಮಾಡಿ ಯಾವ ಕಾಲವಾಗಿತ್ತೋ.

ಮನೆಗೆ ನಡೆಯುತ್ತಲೇ ಅವನು ಸೆಂಡಾಯ್‌ಗೆ ಫೋನ್ ಮಾಡಿದ.

"ಅನು, ನಿಧಿ ದೋಸೆ ಅಂದ್ಲು ಕಣೇ."

"ಏನಾಯ್ತು ಅವ್ಳಿಗೆ?" ಲ್ಯಾಬಿನ ಗದ್ದಲದಲ್ಲಿ ಅನಸೂಯಾ ಗಾಬರಿಯಾದಳು.

"ಏನೂ ಆಗಿಲ್ಲ. ದೋಸೆ ಅಂತ ಕನ್ನಡದಲ್ಲಿ ಹೇಳಿದ್ಲು. ಅವಳೇ, ತಾನಾಗೇ. ಸ್ಕೂಲಲ್ಲೂ ಹೇಳಿದ್ದಾಳೆ, ಟೀಚರ್‌ಗೂ ಬರುತ್ತೆ ಈಗ."

ಅನಸೂಯಾ ಮೆಲ್ಲಗೆ, "ನನ್ಹತ್ರ ಒಂದ್ಸಲಾನೂ ಏನೂ ಅಂದಿಲ್ಲ ನೋಡು" ಅಂದಳು. ಮರುಕ್ಷಣವೇ ದನಿ ಬದಲಿಸಿ, "ಹಿಟ್ಟೆಲ್ಲಿದೆ ಶ್ರೀ? ಈ ಚಳೀಲಿ ಇವತ್ತು ನೆನೆಹಾಕಿದ್ರೆ ಮುಂದಿನ ವಾರ ಹುಳಿ ಬರುತ್ತೆ. ಇಂದಿರಾ ಆಂಟಿಗೆ ಹೇಳು."

ಇಂದಿರಾ ಆಂಟಿಗೆ ಹೇಳುವುದೂ ಒಂದೇ, ಟೀವಿಯಲ್ಲಿ ಹೇಳುವುದೂ ಒಂದೇ. ಟೋಕಿಯೋಗೆ ಬಂದು ಇಪ್ಪತ್ತು ವರ್ಷ ದಾಟಿದ ಆಕೆ ಅಲ್ಲಿನ ಕನ್ನಡಿಗರಿಗೆಲ್ಲ ತಾವೇ ತಾವಾಗಿ ದೊಡ್ಡಮ್ಮನ ಸ್ಥಾನ ವಹಿಸಿಕೊಂಡಿದ್ದರು. ನಿಶಿಕಸಾಯ್‌ನಲ್ಲಿ ಮನೆ, ಮನೆಯಲ್ಲಿ ಸದಾ ಹುದುಗಿದ ಹಿಟ್ಟು. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಮಗು ಬಾಯಲ್ಲಿ ಕನ್ನಡ ಬಂದಿದೆ ಅಂದ್ರೆ ಸುಮ್ನೆ ಬಿಡೋಕಾಗುತ್ತೇನಪ್ಪಾ? ನಾನೇ ಬರ್ತೀನಿ. ಸ್ಕೂಲಿಗೂ ಬರ್ತೀನಿ. ವಿಡಿಯೋ ಮಾಡಿ ನಮ್ಮ ಕನ್ನಡದೋರ ಗ್ರೂಪಿಗೆ ಹಾಕ್ಬೇಕು, ಉಳಿದೋರ ಮಕ್ಕಳಿಗೂ ಬುದ್ಧಿ ಬರ್ಲಿ" ಎಂದು ಫೋನಿಟ್ಟರು.

ಇಂದಿರಾ ಆಂಟಿ ಮನೆ ಬಾಗಿಲಿಗೆ ಬಂದಾಗ ಅವರ ಕಪ್ಪು ಕೋಟಿನ ಮೇಲೆ ಮಂಡಿಯಿಂದ ಕೆಳಗೆ ಬಿಳಿಯ ಧಾರೆ ಇಳಿದಿತ್ತು. ಹಿಟ್ಟಿನ ಡಬ್ಬವನ್ನು ರೈಲಿನಲ್ಲಿ ಕಾಲ ಬಳಿ ಇಟ್ಟುಕೊಂಡಿದ್ದರಂತೆ. ಸೀಟಿನ ಕೆಳಗಿನ ಹೀಟರು ಬೆಚ್ಚಗೆ ಗಾಳಿ ಊದಿದೆ. ಮೊದಲೇ ಹುದುಗಿದ್ದ ಹಿಟ್ಟು ನಡುದಾರಿಯಲ್ಲಿ ಮುಚ್ಚಳ ತಳ್ಳಿಕೊಂಡು, ಯಾರ ಮನೆ ಬಂತು ಎಂದು ಇಣುಕಿ ನೋಡುವ ಅತಿಥಿಯಂತೆ ಮೇಲೆದ್ದಿದೆ.

"ಪಕ್ಕದಲ್ಲಿದ್ದ ಸೂಟಿನವರು ಸುಮಿಮಾಸೆನ್ ಅಂತ ಅವ್ರೇ ಎದ್ದು ಹೋದ್ರು. ಚೆಲ್ಲಿದ್ದು ನಾನು, ಕ್ಷಮೆ ಕೇಳಿದ್ದು ಅವರು," ಎಂದು ಆಂಟಿ ಒಳಗೆ ಬಂದರು. "ಕಾವಲಿ ಎಲ್ಲಿ?"

ಕಾವಲಿ ಇತ್ತು. ಮದುವೆಯಲ್ಲಿ ಯಾರೋ ಕೊಟ್ಟ ಅಲ್ಯೂಮಿನಿಯಂ ನಾನ್‌ಸ್ಟಿಕ್. ಅದನ್ನು ಕರೆಂಟಿನ ಒಲೆಯ ಮೇಲಿಟ್ಟರೆ ಒಲೆ ಪೀಂ ಪೀಂ ಎಂದು ಬಡಿದುಕೊಂಡಿತು. ಇಂಥ ಪಾತ್ರೆಯನ್ನು ನಾನು ಮುಟ್ಟುವುದಿಲ್ಲ ಎಂದು ಅದರ ಹಟ. ಎಷ್ಟು ಸಲ ಇಟ್ಟರೂ ಅಷ್ಟೇ.

ಆಗ ಬಂದವನು ಎದುರು ಕಟ್ಟಡದ ನಟರಾಜ. ಬ್ರಹ್ಮಚಾರಿ. ಗ್ರೂಪಿನಲ್ಲಿ ಇಂದಿರಾ ಆಂಟಿ ಹಾಕಿದ ಮೆಸೇಜಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ದೋಸೆ ಎಂಬ ಮಾತು ಮಾತ್ರ. ಇವರ ಸಂಕಟ ನೋಡಿ, "ಅಷ್ಟೇನಾ ಗುರೂ, ಇರಿ" ಎಂದು ಹೋಗಿ, ಡಬ್ಬಿ ಗ್ಯಾಸಿನ ಪುಟ್ಟ ಒಲೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ.

ಒಲೆ ಹೊತ್ತಿತು. ಮೊದಲ ದೋಸೆ ಕಾವಲಿಗೇ ಪ್ರಾಣ ಬಿಟ್ಟಿತು. ಎರಡನೆಯದು ಭೂಪಟದಂತೆ ಬಂತು. ಮೂರನೆಯದನ್ನು ನಟರಾಜ ಹೇಗಿದೆ ನೋಡ್ತೀನಿ ಎಂದು ತಿಂದ. ನಾಲ್ಕನೆಯದನ್ನೂ ಹಾಗೇ ನೋಡಿದ.

ಅಷ್ಟು ಹೊತ್ತಿಗೆ ಶ್ರೀಕಂಠನ ಲ್ಯಾಪ್‌ಟಾಪಿನಿಂದ ಮೀಟಿಂಗಿನ ಕರೆ ಬಂತು. ಅವತ್ತು ಅವನಿಗೆ ಮನೆಯಿಂದಲೇ ಕೆಲಸ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಸಟ್ಟುಗ ಹಿಡಿದುಕೊಂಡೇ ಹಾಜರಿ ಹಾಕಿದ. ಮ್ಯಾನೇಜರ್ ಓಗಾವಾ-ಸಾನ್ ಮುಂದಿನ ರಿಲೀಸಿನ ಬಗ್ಗೆ ಹೇಳುತ್ತಿದ್ದವರು ನಡುವೆ ಒಂದು ಕ್ಷಣ ತಡೆದು, "ಶ್ರೀಕಂಠ-ಸಾನ್, ನಿಮ್ಮ ಹಿಂದೆ ಹೊಗೆ ಕಾಣುತ್ತಿದೆ. ಎಲ್ಲ ಕ್ಷೇಮವೇ?" ಎಂದು ಕೇಳಿದರು. ಕ್ಯಾಮೆರಾ ಆನ್ ಆಗಿರುವುದು ಶ್ರೀಕಂಠನಿಗೆ ಗೊತ್ತಾದದ್ದು ಆಗಲೇ.

"ಹಾಯ್, ದಾಯ್‌ಜೋಬು ದೆಸ್, ಏನೂ ತೊಂದರೆಯಿಲ್ಲ" ಎನ್ನುವುದಕ್ಕೂ ಮೇಲಿಂದ, "ಕಾಜಿ ದೆಸ್, ಕಾಜಿ ದೆಸ್" ಎಂದು ಯಾರೋ ಕೂಗುವುದಕ್ಕೂ ಸರಿಹೋಯಿತು. ಬೆಂಕಿ ಬಿದ್ದಿದೆ, ಬೆಂಕಿ ಬಿದ್ದಿದೆ ಎಂದು ಸೂರಿನ ಹೊಗೆಯ ಅಲಾರಂ ಊರಿಗೆಲ್ಲ ಸಾರುತ್ತಿತ್ತು. ನಟರಾಜ ಕುರ್ಚಿ ಹತ್ತಿ ಅದರ ಬಾಯಿ ಮುಚ್ಚಿಸಲು ಟವಲ್ ಬೀಸತೊಡಗಿದ. ಇಂದಿರಾ ಆಂಟಿ ಕಿಟಕಿ ತೆರೆದರು. ಚಳಿಗಾಳಿ ನುಗ್ಗಿ ಟಿಶ್ಯೂ ಪೇಪರೆಲ್ಲ ಕೋಣೆಯ ತುಂಬ ಹಾರಾಡಿತು.

ಬಾಗಿಲು ತಟ್ಟಿದ ಸದ್ದು. ತೆರೆದರೆ ಕೆಳಗಿನ ಮನೆಯ ಮೊರಿತಾ-ಸಾನ್. ಎಪ್ಪತ್ತು ದಾಟಿದ, ಒಬ್ಬರೇ ಇರುವ ಅಜ್ಜಿ. ತಲೆಗೆ ಹಳದಿ ಹೆಲ್ಮೆಟ್, ಬೆನ್ನಿಗೆ ಭೂಕಂಪಕ್ಕೆಂದು ಕಟ್ಟಿಟ್ಟ ತುರ್ತು ಚೀಲ, ಕೈಯಲ್ಲಿ ಟಾರ್ಚು. ಇದು ತಾವು ಬಹುಕಾಲದಿಂದ ಕಾಯುತ್ತಿದ್ದ ಗಳಿಗೆ ಎನ್ನುವ ಗಾಂಭೀರ್ಯ ಅವರ ಮುಖದಲ್ಲಿತ್ತು. ಬೆಂಕಿಯಲ್ಲ, ಬರೀ ಅಡುಗೆ ಎಂದು ತಿಳಿದಾಗ ಅವರಿಗೆ ತುಸು ನಿರಾಸೆಯೇ ಆದಂತೆ ಕಂಡಿತು. ಶ್ರೀಕಂಠ ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದ. ಆಂಟಿ ಅವರ ಕೈಗೊಂದು ದೋಸೆ ಕೊಟ್ಟರು. ಮೊರಿತಾ-ಸಾನ್ ಹೆಲ್ಮೆಟ್ ತೆಗೆಯದೆಯೇ ಒಂದು ತುಂಡು ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ಆಮೇಲೆ ಚೀಲ ಇಳಿಸಿ ಕೂತೇ ಬಿಟ್ಟರು.

ಈ ಗಲಾಟೆಯಲ್ಲಿ ಸೋಫಾ ಮೇಲಿದ್ದ ಶ್ರೀಕಂಠನ ಫೋನು ಒಮ್ಮೆ ಬಡಿದುಕೊಂಡು ಸುಮ್ಮನಾಗಿತ್ತು. ಎರಡನೇ ಸಲ ಬಡಿದುಕೊಂಡಾಗ ಅವನು ಓಗಾವಾ-ಸಾನ್‌ಗೆ ಉತ್ತರ ಕೊಡುತ್ತಿದ್ದ. "ಯಾರು ನೋಡೋ" ಎಂದು ನಟರಾಜನಿಗೆ ಕೈಸನ್ನೆ ಮಾಡಿದ.

ನಟರಾಜ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದು ಕಿವಿಯಲ್ಲಿ ಕೇಳಿದ. "ಸ್ಕೂಲಿಂದ ಗುರೂ. ಮಾತು ಸ್ಪ್ಯಾನಿಷ್, ಎಲ್ಲಾರೂ ಕಾಯ್ತಿದ್ದಾರೆ ಅನ್ಸುತ್ತೆ. ಆಗ್ಲೇ ದೋಸೆ, ಆಗ್ಲೇ ದೋಸೆ ಅಂತಿದ್ದಾರೆ. ತುಂಬಾ ಹಸಿದಿರೋ ಹಾಗಿದೆ."

"ಈಗ್ಲೇನಾ? ಮೂರು ಗಂಟೆಗಲ್ವಾ?" ಅಂದ ಶ್ರೀಕಂಠ.

"ಮಕ್ಕಳಪ್ಪಾ, ವಾಸನೆ ಬಡಿದಿರ್ಬೇಕು," ಅಂದರು ಆಂಟಿ. "ಬಂದ್ವಿ ಅಂತ ಹೇಳು. ಇನ್ನೊಂದಿಷ್ಟು ಹುಯ್ದುಬಿಡ್ತೀನಿ, ಯಾರಿಗೂ ಕಡಿಮೆ ಬೀಳಬಾರದು."

"ಯೆಸ್ ಮೇಡಂ, ದೋಸೆ. ವೆರಿ ಹಾಟ್. ಕಮಿಂಗ್," ಎಂದು ನಟರಾಜ ಫೋನಿಟ್ಟ. ಆ ಕಡೆ ಮಾರಿಸೋಲ್ ಏನು ತಿಳಿದುಕೊಂಡಳೋ ದೇವರಿಗೇ ಗೊತ್ತು.

ಆಂಟಿಯ 'ಇನ್ನೊಂದಿಷ್ಟು' ಡಬ್ಬದ ತಳ ಕಾಣುವವರೆಗೂ ನಡೆಯಿತು. ಕೊನೆಗೆ ಓಗಾವಾ-ಸಾನ್‌ಗೆ ಏನೋ ಒಂದು ನೆಪ ಹೇಳಿ ಶ್ರೀಕಂಠ ಲ್ಯಾಪ್‌ಟಾಪ್ ಮುಚ್ಚಿದ. ಮೂವರೂ ಹೊರಟರು. ಮೊರಿತಾ-ಸಾನ್ ಯಾರೂ ಕರೆಯದಿದ್ದರೂ ಆಂಟಿ ತಂದಿದ್ದ ಚಟ್ನಿಯ ಡಬ್ಬಿ ಎತ್ತಿಕೊಂಡು ಜೊತೆಗೆ ಬಂದರು. ಹೆಲ್ಮೆಟ್ ಇನ್ನೂ ತಲೆಯ ಮೇಲಿತ್ತು. ದಾರಿಯಲ್ಲಿ ಶ್ರೀಕಂಠನಿಗೆ ತಾನೊಂದು ದಿಬ್ಬಣದ ಮುಂದೆ ನಡೆಯುತ್ತಿರುವಂತೆ ಅನ್ನಿಸಿತು. ಇಷ್ಟು ಜನರ ಜೊತೆ ಅವನು ಈ ಬೀದಿಯಲ್ಲಿ ನಡೆದೇ ಇರಲಿಲ್ಲ. ಮಗಳು ಓಡಿ ಬಂದು, ಎಲ್ಲರೆದುರು ತನ್ನ ಕೈ ಹಿಡಿದು, ನೋಡಿ ಇದೇ ದೋಸೆ ಎಂದು ಹೇಳುವುದನ್ನು ಕಲ್ಪಿಸಿಕೊಂಡು ಅವನು ಹೆಜ್ಜೆ ಬಿರುಸಾಗಿ ಹಾಕಿದ.

ಶಾಲೆಯಲ್ಲಿ ದೊಡ್ಡವರಿಗೆಂದು ಹಾಕಿದ್ದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಗೋಡೆಗೆ ಬಣ್ಣದ ಕಾಗದದ ತೋರಣ. ಅಪ್ಪ ಅಮ್ಮಂದಿರು ಬಂದು ಹೋದ ಕುರುಹು ಎಲ್ಲೆಲ್ಲೂ ಇತ್ತು. ಉಳಿದಿದ್ದ ಮೂರ್ನಾಲ್ಕು ಮಕ್ಕಳು ಒಂದು ಮೂಲೆಯಲ್ಲಿ ಮರದ ಬ್ಲಾಕುಗಳನ್ನು ಜೋಡಿಸುತ್ತಿದ್ದರು. ನಿಧಿ ಅವರ ಜೊತೆ ಇರಲಿಲ್ಲ. ಬಾಗಿಲಿಗೆ ಎದುರಾಗಿ ಒಂದು ಪುಟ್ಟ ಕುರ್ಚಿಯಲ್ಲಿ, ಕೋಟು ಹಾಕಿಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಲೆಯ ಮೇಲೆ ಕಾಗದದ ಕಿರೀಟ ವಾರೆಯಾಗಿತ್ತು.

ಅಪ್ಪನನ್ನು ನೋಡಿ ಅವಳು ಅಳಲಿಲ್ಲ. "ಐ ಟೋಲ್ಡ್ ಯು," ಅಂದಳು, ಅಷ್ಟೇ. "ಐ ಸೆಡ್ ದೋಸೆ."

"ತಂದಿದ್ದೀನಲ್ಲ ಪುಟ್ಟಿ, ನೋಡಿಲ್ಲಿ," ಎಂದು ಶ್ರೀಕಂಠ ಡಬ್ಬಿಯ ಮುಚ್ಚಳ ತೆಗೆದ. ಹಬೆ ಅವನ ಕನ್ನಡಕಕ್ಕೆ ಹೊಡೆಯಿತು.

ನಿಧಿ ಡಬ್ಬಿಯೊಳಗೆ ನೋಡಿದಳು, ಅಪ್ಪನ ಮುಖ ನೋಡಿದಳು, ಆಮೇಲೆ ತೋರುಬೆರಳೆತ್ತಿ ಗೋಡೆಯ ಗಡಿಯಾರ ತೋರಿಸಿದಳು. ಮಾರಿಸೋಲ್ ಹತ್ತಿರ ಬಂದು, ಗಡಿಯಾರದ ನೆತ್ತಿಯ ಮೇಲಿದ್ದ ಹನ್ನೆರಡನ್ನು ಮುಟ್ಟಿ, ಮಗುವಿಗೆ ಪಾಠ ಹೇಳುವಷ್ಟೇ ತಾಳ್ಮೆಯಿಂದ ಹೇಳಿದಳು, "ದೋಸೆ."

ಮೊದಲು ಬಾಯಿ ಬಿಟ್ಟವನು ನಟರಾಜ. "ಅಂದ್ರೆ, ಹನ್ನೆರಡು ಗಂಟೇಗಾ?"

"ಹನ್ನೆರಡಕ್ಕೆ ದೋಸೆ ಅಂತಾರಾ ಅವರು?" ಇಂದಿರಾ ಆಂಟಿಯ ದನಿಯಲ್ಲಿ ಸ್ಪ್ಯಾನಿಷ್ ಭಾಷೆಯ ಮೇಲೇ ಒಂದು ಆಕ್ಷೇಪಣೆ ಇತ್ತು.

ಮಕ್ಕಳು ಕಲಿತದ್ದನ್ನು ಹೆತ್ತವರ ಮುಂದೆ ತೋರಿಸುವ ಕಾರ್ಯಕ್ರಮವಿತ್ತಂತೆ. ಹನ್ನೆರಡು ಗಂಟೆಗೆ. ಎಲ್ಲರೂ ಬಂದಿದ್ದರು. ನಿಧಿ ತನ್ನ ಸರದಿ ಬಂದಾಗಲೆಲ್ಲ ಪಪ್ಪಾ ಬರಲಿ ಎಂದು ಮುಂದಕ್ಕೆ ಹಾಕಿ ಹಾಕಿ, ಕೊನೆಗೆ ಏಳಲೇ ಇಲ್ಲವಂತೆ.

ಶ್ರೀಕಂಠ ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಿ ಹಾಕಿಕೊಂಡರೂ ಮಬ್ಬು ಹೋಗಲಿಲ್ಲ. ಬೆಳಗಿನಿಂದ ಅವನು ಎದೆಯೊಳಗೆ ಬೆಚ್ಚಗೆ ಇಟ್ಟುಕೊಂಡು ತಿರುಗುತ್ತಿದ್ದ ಮಾತು ಕನ್ನಡದ್ದೇ ಆಗಿರಲಿಲ್ಲ. ಅದು ಬರೀ ಒಂದು ಅಂಕಿ.

ಅವನ ಮುಖ ನೋಡಿ ಮಾರಿಸೋಲ್‌ಗೆ ಏನನ್ನಿಸಿತೋ. ಅವಳು ಕೆಂಪು ಟೇಪನ್ನು ದಾಟಿ ಈಚೆ ಬಂದು ಇಂಗ್ಲಿಷ್‌ಗೆ ತಿರುಗಿದಳು. "ಬೇಸರ ಮಾಡಿಕೊಳ್ಳಬೇಡಿ. ನಿಧಿಯ ಭಾಗ ಇನ್ನೂ ಆಗಿಲ್ಲ, ಈಗ ಮಾಡೋಣ. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಎರಡೇ ಭಾಷೆಯಲ್ಲ. ಅಲ್ಲಿ ನೋಡಿ."

ಕೆಂಪು ಟೇಪು ಗೋಡೆಗೆ ಹೋಗಿ ಮುಟ್ಟುವ ಕಡೆ, ಎರಡೂ ಪಕ್ಕಕ್ಕೆ ಸೇರದಂತೆ, ಒಂದು ಸಣ್ಣ ಹಸಿರು ಚಾಪೆ ಹಾಸಿತ್ತು. ಅದರ ಹೆಸರು 'ಮನೆಯ ಚಾಪೆ' ಅಂತೆ. ಅದರ ಮೇಲೆ ನಿಂತವರು ತಮ್ಮ ಮನೆಯ ಮಾತನ್ನು ಉಳಿದವರಿಗೆ ಕಲಿಸಬೇಕು. ಹಾನಾ ಎಂಬ ಹುಡುಗಿ ಜಪಾನಿ ಹಾಡು ಕಲಿಸಿದ್ದಳು. ಮಾತೆಯೋ ಎಂಬ ಹುಡುಗ ತನ್ನ ಅಜ್ಜಿಯ ಭಾಷೆಯಲ್ಲಿ ಜೋಳಕ್ಕೆ ಏನೆನ್ನುತ್ತಾರೆ ಎಂದು ಹೇಳಿಕೊಟ್ಟಿದ್ದ.

"ನಿಧಿ ನಿಮ್ಮ ಭಾಷೆಯ ಒಂದು ಇಡೀ ಮಾತನ್ನೇ ಕಲಿಸಿದ್ದಾಳೆ," ಅಂದಳು ಮಾರಿಸೋಲ್. "ಎಲ್ಲ ಮಕ್ಕಳಿಗೂ ಬಹಳ ಇಷ್ಟ. ಈಗ ನಾವು ಬೆಳಿಗ್ಗೆ ಬಂದ ಕೂಡಲೇ ಅದನ್ನೇ ಹೇಳಿಕೊಳ್ಳುತ್ತೇವೆ."

ಶ್ರೀಕಂಠ ಒಂದು ಹೆಜ್ಜೆ ಮುಂದೆ ಬಂದ. "ಕನ್ನಡದಲ್ಲಾ?"

"ಕನ್ನಡದಲ್ಲಿ," ಎಂದಳು ಆಕೆ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ.

"ನಾನು ಹೇಳ್ಲಿಲ್ವಾ," ಎಂದು ಇಂದಿರಾ ಆಂಟಿ ಫೋನು ತೆಗೆದು ವಿಡಿಯೋ ಶುರು ಮಾಡಿದರು. ನಟರಾಜ ಅವರ ಭುಜದ ಮೇಲಿಂದ ಇಣುಕಿದ. ಮೊರಿತಾ-ಸಾನ್ ಇದು ಮುಖ್ಯ ಘಟ್ಟ ಎಂದು ಗ್ರಹಿಸಿ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡರು.

ನಿಧಿ ಬ್ಯಾಗು ಕೆಳಗಿಟ್ಟು, ಕಿರೀಟ ನೆಟ್ಟಗೆ ಮಾಡಿಕೊಂಡು, ಚಾಪೆಯ ಮೇಲೆ ಹೋಗಿ ನಿಂತಳು. ಬ್ಲಾಕು ಜೋಡಿಸುತ್ತಿದ್ದ ಮಕ್ಕಳೂ ಎದ್ದು ಬಂದು ಸಾಲಾಗಿ ನಿಂತರು. ಮಾರಿಸೋಲ್ ಕೈ ಎತ್ತಿದಳು. ಎಲ್ಲ ಮಕ್ಕಳೂ ಒಟ್ಟಿಗೆ ಬಲಗೈಯನ್ನು ಕಿವಿಗೆ ಒತ್ತಿ ಹಿಡಿದು, ಎಡಗೈಯನ್ನು ಮುಂದಕ್ಕೆ ಚಾಚಿ, ಮುಖವನ್ನು ಇನ್ನೆಲ್ಲೋ ತಿರುಗಿಸಿಕೊಂಡು, ಒಂದೇ ರಾಗದಲ್ಲಿ ಹೇಳಿದರು:

"ಒಂದ್ನಿಮಿಷ ಇರು ಪುಟ್ಟಿ, ಕಾಲ್‌ನಲ್ಲಿದ್ದೀನಿ. ಆಮೇಲೆ ಆಡೋಣ."

ಉಚ್ಚಾರಣೆಯಲ್ಲಿ ಒಂದೂ ತಪ್ಪಿರಲಿಲ್ಲ. ಹಾನಾ ಅಂತೂ ಮೈಸೂರಿನ ಅಗ್ರಹಾರದಲ್ಲೇ ಹುಟ್ಟಿದವಳಂತೆ ಹೇಳಿದಳು. ಮಾತೆಯೋ ಕೊನೆಯ 'ಆಡೋಣ'ದಲ್ಲಿ ದನಿಯನ್ನು ತುಸು ಇಳಿಸಿ, ಅದು ಆಗುವ ಮಾತಲ್ಲ ಎಂಬುದನ್ನೂ ಸೇರಿಸಿದ್ದ. ನಿಧಿ ಕಲಿಸುವಾಗ ಏನನ್ನೂ ಬಿಟ್ಟಿರಲಿಲ್ಲ.

ಇಂದಿರಾ ಆಂಟಿಯ ಫೋನು ನಿಧಾನವಾಗಿ ಕೆಳಗಿಳಿಯಿತು. ನಟರಾಜ ಗೋಡೆಯ ಮೇಲಿನ ಹಣ್ಣಿನ ಚಿತ್ರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಮೊರಿತಾ-ಸಾನ್ ಒಬ್ಬರೇ ಚಪ್ಪಾಳೆ ತಟ್ಟಿದರು.

"ಪಪ್ಪಾ ತನಗೆ ದಿನಾ ಹೇಳುವ ಮಾತು ಎಂದಳು ನಿಧಿ," ಎಂದಳು ಮಾರಿಸೋಲ್ ಸಂಭ್ರಮದಿಂದ. "ಅದರಲ್ಲೂ ಆ ಕೈಯನ್ನು ಕಿವಿಗಿಡುವುದು ಎಷ್ಟು ಚೆಂದ. ನಿನ್ನ ಮಾತನ್ನು ಕೇಳಿಸಿಕೊಳ್ಳುತ್ತಿದ್ದೇನೆ ಎಂದಲ್ಲವೇ ಅದರ ಅರ್ಥ?"

ಶ್ರೀಕಂಠ ಇಂದಿರಾ ಆಂಟಿಯ ಕಡೆ ನೋಡಿದ. ಆಂಟಿ ಕೋಟಿನ ಮೇಲೆ ಒಣಗಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದರು.

"ಹೌದು," ಅಂದ. "ಅದೇ ಅರ್ಥ."

"ಹಾಗಾದರೆ ಒಂದು ಕೇಳಿಕೊಳ್ಳಲೇ? ಬರುವ ತಿಂಗಳು ರಾಯಭಾರ ಕಚೇರಿಯವರನ್ನೆಲ್ಲ ಕರೆದಿದ್ದೇವೆ. ಬಾಗಿಲಲ್ಲಿ ಮಕ್ಕಳು ಈ ಮಾತು ಹೇಳಿ ಸ್ವಾಗತಿಸಲಿ ಎಂದುಕೊಂಡಿದ್ದೇನೆ. ನೀವು ಮುಂದೆ ನಿಂತು ಹೇಳಿಕೊಡಬೇಕು. ನಿಮ್ಮಷ್ಟು ಸಹಜವಾಗಿ ಇನ್ನಾರು ಹೇಳುತ್ತಾರೆ?"

ಬೇಡ ಎನ್ನಬೇಕಾದರೆ ಅರ್ಥ ಹೇಳಬೇಕಿತ್ತು. ಶ್ರೀಕಂಠ ಆಗಲಿ ಎಂದ. ಮಾರಿಸೋಲ್ ಅವನ ಎರಡೂ ಕೈ ಹಿಡಿದು ಕುಲುಕಿದಳು.

ಎಲ್ಲರೂ ದೋಸೆಗೆ ಕೂತರು. ಮಕ್ಕಳಿಗೆ ಬಹಳ ಹಿಡಿಸಿತು, ಹಸಿವೂ ಆಗಿತ್ತು. ಮೊರಿತಾ-ಸಾನ್ ಚಟ್ನಿ ಬಡಿಸಿದರು. ನಟರಾಜ ಇನ್ನೂ ಒಂದನ್ನು ನೋಡಿದ. ನಿಧಿ ಅರ್ಧ ದೋಸೆ ತಿಂದು, ಕೋಟು ಬಿಚ್ಚಿಟ್ಟು, ಮಾತೆಯೋ ಜೊತೆ ಬ್ಲಾಕು ಜೋಡಿಸಲು ಮೂಲೆಗೆ ಹೋದಳು. ಅವರಿಬ್ಬರೂ ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ಗೋಪುರ ಅವಳ ಭುಜದವರೆಗೂ ಬಂದಿತ್ತು.

ಶ್ರೀಕಂಠ ಜೇಬಿನಿಂದ ಫೋನು ತೆಗೆದು ಸ್ವಿಚ್ ಆಫ್ ಮಾಡಿದ. ಇಯರ್‌ಫೋನ್ ಇನ್ನೂ ಕಿವಿಯಲ್ಲೇ ಇರುವುದು ಆಗ ಗೊತ್ತಾಯಿತು. ಅದನ್ನೂ ತೆಗೆದ. ಮೂಲೆಗೆ ಹೋಗಿ ಮಗಳ ಪಕ್ಕ ಮಂಡಿಯೂರಿ ಕೂತ.

"ಪುಟ್ಟಿ," ಅಂದ, "ನಾನೂ ಬರ್ಲಾ? ಈಗ್ಲೇ ಆಡೋಣ."

ನಿಧಿ ತಲೆ ಎತ್ತಲಿಲ್ಲ. ಒಂದು ನೀಲಿ ಬ್ಲಾಕನ್ನು ಗೋಪುರದ ತುದಿಗೆ ಇಡಲು ಉಸಿರು ಬಿಗಿ ಹಿಡಿದಿದ್ದಳು. ಇನ್ನೊಂದು ಕೈಯನ್ನು ಮಾತ್ರ ಅಪ್ಪನ ಕಡೆ ಚಾಚಿ ತಡೆದಳು.

"ಒಂದ್ನಿಮಿಷ ಇರು ಪಪ್ಪಾ," ಅಂದಳು.

ಸ್ವಚ್ಛವಾದ ಕನ್ನಡ. ಈ ಶಾಲೆ ಸೇರಿದ ಮೇಲೆ ಮಗಳು ಅವನೊಡನೆ ಆಡಿದ ಮೊದಲ ಕನ್ನಡದ ಮಾತು ಅದು. ಶ್ರೀಕಂಠ ಹಿಂದೆ ಸರಿದು, ಅವಳು ಅಷ್ಟು ಹೊತ್ತು ಕಾಯುತ್ತ ಕೂತಿದ್ದ ಕುರ್ಚಿಯ ಮೇಲೆ ಕೂತ. ಅದು ಅವನ ಮೊಣಕಾಲಿಗಿಂತ ಕುಳ್ಳಗಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಗೋಪುರ ಬಿತ್ತು, ಮಕ್ಕಳು ನಕ್ಕರು, ಮತ್ತೆ ಮೊದಲಿನಿಂದ ಜೋಡಿಸತೊಡಗಿದರು.

ಖಾಲಿ ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡ ಇಂದಿರಾ ಆಂಟಿ ಹತ್ತಿರ ಬಂದು ಮೆಲುದನಿಯಲ್ಲಿ ಕೇಳಿದರು, "ಹೊರಡೋಣ್ವೇನಪ್ಪಾ?"

"ನೀವು ಹೋಗಿರಿ ಆಂಟಿ," ಅಂದ ಶ್ರೀಕಂಠ. "ನಂಗೆ ಇರೋಕೆ ಹೇಳಿದ್ದಾಳೆ."